ನಾಲ್ಕನೇ ಜ್ವರ

ಹುಳು ನಾಲ್ಕನೇ ಜ್ವರಕ್ಕೆ ಕೂತ ರಾತ್ರಿ
ಸೊಪ್ಪು ಹಾಕುವ ಕೆಲಸವಿಲ್ಲ.
ನೂರೈವತ್ತು ಮೊಟ್ಟೆಯ ಹುಳುಮನೆ
ತಲೆ ಎತ್ತಿ, ಬಾಯಿ ಮುಚ್ಚಿ, ಸುಮ್ಮನಿದೆ.
ಒಂದು ಬೆಳೆಗೆ ಒಂದೇ ಸಲ ಸಿಗುವ
ಇಷ್ಟುದ್ದದ ಮೌನ.
ಗಿಟಾರು ತಂದೆ.

ಮನೆಯಲ್ಲಾಗದು. ಅಲ್ಲಿ ಅತ್ತೆಯ ಧಾರಾವಾಹಿ,
ಜಂಗಮಕೋಟೆ ರಸ್ತೆಯ ಟಿಪ್ಪರು,
ಕುಕ್ಕರಿನ ಮೂರನೇ ಕೂಗು.
ಇಲ್ಲಿ ಗೋಡೆಗೆ ಗೋಣಿತಾಟು, ಕಿಟಕಿಗೆ ಊಜಿ ಪರದೆ,
ಮೂಲೆಯಲ್ಲಿ ಪೇರಿಸಿಟ್ಟ ಚಂದ್ರಿಕೆ.
ಹೋದ ಸದ್ದು ವಾಪಸು ಬರುವುದಿಲ್ಲ,
ಭಾವಮೈದನಿಗೆ ಕೊಟ್ಟ ಕೈಸಾಲದ ಹಾಗೆ.

"ಕವರ್ ಸಾಂಗ್ ಅಂದ್ರೇನು?"
ಮೊದಲ ದಿನ ಸುಗುಣ ಕೇಳಿದ್ದಳು.
"ಬೇರೆಯವರ ಹಾಡು, ನಮ್ಮ ಕೈಲಿ."
"ಸರಿ ಬಿಡಿ, ನಂಗೊಂದು ಕಾಲು ಕೇಜಿ
ಕವರಿಗೆ ಹಾಕ್ಕೊಡಿ."

ಹೋದ ಬೆಳೆಯಲ್ಲಿ ದೊಡ್ಡ ಹುಳುವಿನ ನಡುವೆ ಕೂತು
ಇದೇ ಹಾಡು ಹಿಡಿದಿದ್ದೆ.
ಇಯರ್‌ಫೋನು ಹಾಕಿ ಕೇಳಿದರೆ
ಹಿಂದೆಲ್ಲ ಸರಸರ, ಸರಸರ.
ಮೈಕು ಕೆಟ್ಟಿದೆ ಅಂದುಕೊಂಡು ಶಿಡ್ಲಘಟ್ಟಕ್ಕೆ ಹೋಗಿ
ಮುನ್ನೂರೈವತ್ತು ಕೊಟ್ಟು ಬೇರೆ ತಂದೆ.
ಅದರಲ್ಲೂ ಸರಸರ.
ಹದಿನೆಂಟು ವರ್ಷದಿಂದ ಕೇಳುತ್ತಿದ್ದ ಸದ್ದು,
ಸೊಪ್ಪು ಮೇಯುವ ಸದ್ದು.
ಕೇಳಿ ಕೇಳಿ ನನ್ನ ಕಿವಿ ಅದನ್ನು ಬಿಟ್ಟುಬಿಟ್ಟಿತ್ತು.
ಮೈಕಿಗೆ ಅಷ್ಟು ರೂಢಿಯಿಲ್ಲ.

ಗಿಟಾರು ಮಾರಿದ ಆಂಡರ್ಸನ್‌ಪೇಟೆಯ ರೂಬನ್
ಮೊದಲೇ ಹೇಳಿದ್ದ:
ಬೆರಳ ತುದಿ ಕಲ್ಲಾಗಬೇಕು ಅಣ್ಣ,
ಆಮೇಲೆ ಎಲ್ಲ ಬರುತ್ತೆ.
ಕಲ್ಲಾಗುತ್ತೆ. ಹದಿನೈದು ದಿನಕ್ಕೆ ಚೂರು ಗಟ್ಟಿಯಾಗುತ್ತೆ.
ಅಷ್ಟರಲ್ಲಿ ಚಾಕಿ ಹುಳು ಬರುತ್ತೆ,
ಬ್ಲೀಚಿಂಗ್ ನೀರಲ್ಲಿ ದಿನಕ್ಕೆ ಎಂಟು ಸಲ ಕೈ ತೊಳೆಯಬೇಕು.
ಸುಲಿದು ಹೋಗುತ್ತೆ.
ಮತ್ತೆ ಮಗುವಿನ ಬೆರಳು,
ಮತ್ತೆ ತಂತಿ ಕೊಯ್ಯುತ್ತೆ.

ಎಫ್ ಅನ್ನುವುದೊಂದಿದೆ.
ತೋರುಬೆರಳು ಆರೂ ತಂತಿಯ ಮೇಲೆ
ಅಡ್ಡ ಮಲಗಬೇಕು,
ಬಾಗಿಲಿಗೆ ಅಗುಳಿ ಹಾಕಿದಂತೆ.
ನನ್ನದು ಐದು ತಂತಿಯ ಮೇಲೆ ಮಲಗುತ್ತೆ,
ಆರನೆಯದು ಕಾಲು ಹೊರಗೆ ಚಾಚಿಕೊಂಡು
ಬರ್ರ್ ಅನ್ನುತ್ತೆ.
ಆ ಹಾಡಲ್ಲಿ ಎಫ್ ಏಳು ಕಡೆ ಬರುತ್ತದೆ.
ಏಳು ಸಲವೂ ನಾನು ಕಣ್ಣು ಮುಚ್ಚುತ್ತೇನೆ.

ಮೊದಲ ಸಲ ಹಲ್ಲಿ ಲೊಚಗುಟ್ಟಿತು.
ನಾಲ್ಕನೆಯದಕ್ಕೆ ಪಲ್ಲವಿಯನ್ನೇ ಮರೆತೆ.
ಒಂಬತ್ತು ಚೆನ್ನಾಗಿತ್ತು, ಫೋನಲ್ಲಿ ಜಾಗ ಇರಲಿಲ್ಲ;
ಮಗಳ ಶಾಲೆ ವಾರ್ಷಿಕೋತ್ಸವ ಅಳಿಸಲೋ ಬೇಡವೋ ಅಂತ
ಅರ್ಧ ಗಂಟೆ ಕೂತಿದ್ದೆ.
(ಅಳಿಸಲಿಲ್ಲ. ಗೂಡಿನ ಮಾರ್ಕೆಟ್ಟಿನ ರಸೀದಿ ಫೋಟೋ ಅಳಿಸಿದೆ.)
ಆಮೇಲಿನದನ್ನು ಲೆಕ್ಕ ಇಡಲಿಲ್ಲ.

ಮೂರು ಗಂಟೆಗೆ ಒಂದು ಶುದ್ಧವಾಗಿ ಬಂತು.
ಸರಸರ ಇಲ್ಲ, ಹಲ್ಲಿ ಇಲ್ಲ,
ಎಫ್ ಕೂಡ ಏಳರಲ್ಲಿ ನಾಲ್ಕು ಸರಿ.
ಕೇಳಿದೆ.
ಆಧಾರ್ ಕಾರ್ಡಿನ ಫೋಟೋದ ಹಾಗಿತ್ತು:
ನಾನೇ, ಅನುಮಾನವಿಲ್ಲ,
ಆದರೆ ಯಾರಿಗೂ ತೋರಿಸುವಂಥದ್ದಲ್ಲ.

ಇನ್ನೊಮ್ಮೆ ಅಂತ ಕೂತೆ.
ಎರಡನೇ ಚರಣ, ಕೈ ತಾನೇ ಹೋಗುತ್ತಿದೆ,
ಎಫ್ ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ.
ಬಾಗಿಲು ತಳ್ಳಿ, ಸೊಪ್ಪಿನ ಮಂಕರಿ ಸೊಂಟಕ್ಕಿಟ್ಟು,
ಸುಗುಣ:
"ಎದ್ದವಾ?"

ಎದ್ದಿದ್ದವು. ಹಳೇ ಚರ್ಮ ಬಿಟ್ಟು
ಮೇಲಿನ ಸ್ಟ್ಯಾಂಡಿನವು ಆಗಲೇ ತಲೆಯಾಡಿಸುತ್ತಿದ್ದವು.
ಗಿಟಾರು ಗೋಣಿಯಲ್ಲಿ ಸುತ್ತಿ ಮೇಲಿಟ್ಟೆ.
ಮುಂದಿನ ಎಂಟು ದಿನ ಸೊಪ್ಪು, ಸೊಪ್ಪು, ಸೊಪ್ಪು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಬೆಳಿಗ್ಗೆ
ನೂಲು ಬಿಚ್ಚುವ ಅತಾವುಲ್ಲಾ ಸಾಬರ ಒಂದು ಕಿವಿಗೆ
ಇಯರ್‌ಫೋನು ಸಿಕ್ಕಿಸಿದೆ.
ಅವರ ಬೆರಳೂ ಬಿಸಿನೀರಲ್ಲಿ ಬೆಂದು ಬೆಳ್ಳಗೆ.
ಇನ್ನೊಂದು ಕಿವಿಯ ಹತ್ತಿರ ನನ್ನ ಗೂಡೊಂದನ್ನು
ಅಲ್ಲಾಡಿಸಿ ನೋಡುತ್ತಾ ಕೇಳಿದರು,
"ಎದ್ದವಾ?" ಬಂದಾಗ ಹುಬ್ಬೇರಿಸಿದರು,
ಕೊನೆವರೆಗೂ ಕೇಳಿದರು.
"ಸ್ವಲ್ಪ ಹಸಿ," ಅಂದರು.
ಹಾಡಿಗೋ ಗೂಡಿಗೋ ಕೇಳಲಿಲ್ಲ.
ಲಾಟ್ ನಂಬರು ಬರೆಸಲು ಹೋದೆ.